ಸಂಚಿಯಲ್ಲಿದ್ದ ಮೂರು ಮಾತ್ರೆ ಶೀಟು

ಕಳೆದ ವರ್ಷ ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ ನನ್ನ ಸೊಸೆ ಪ್ರೇಮಳ ಲಿವರ್ ಸುಟ್ಟಿದ್ದು ನಾನು ಕೊಟ್ಟ ಮಾತ್ರೆಯಿಂದ. ಅವಳು ಬದುಕಿದ್ದು ಡಾಕ್ಟರು ಹಾಕಿದ ಡ್ರಿಪ್ಪಿನಿಂದ, ಮತ್ತು ಆ ಸುಟ್ಟ ಲಿವರ್ ತಾನಾಗಿಯೇ ಮತ್ತೆ ಬೆಳೆದದ್ದರಿಂದ. ನಡೆದದ್ದು ಇಷ್ಟೇ. ನಮ್ಮ ಕೂಲಿ ಲೈನಿನಲ್ಲಿ ಕೆಲವರು ಅದನ್ನು ಕಾಮಾಲೆ ಅನ್ನುತ್ತಾರೆ, ಕೆಲವರು ಕಣ್ಣುದೃಷ್ಟಿ ಅನ್ನುತ್ತಾರೆ, ಬದುಕಿದ್ದು ಹರಕೆಯಿಂದ ಅನ್ನುವವರೂ ಇದ್ದಾರೆ. ಒಬ್ಬೊಬ್ಬರಿಗೂ ಕೂತು ಬಿಡಿಸಿ ಹೇಳುವಷ್ಟು ತ್ರಾಣ ನನಗಿಲ್ಲ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಇಂಗ್ಲಿಷ್ ಅಕ್ಷರ ಒಂದೂ ಗೊತ್ತಿಲ್ಲ. ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ಮಲ್ಲಂದೂರಿನ ಹತ್ತಿರ ಒಂದು ಎಸ್ಟೇಟಿನ ಲೈನು ಮನೆಯಲ್ಲಿ ನಾವಿರುವುದು. ನಾನು, ಮಗ ಸತೀಶ, ಸೊಸೆ ಪ್ರೇಮ, ಎರಡನೇ ಕ್ಲಾಸಿನ ಮೊಮ್ಮಗಳು. ಸತೀಶ ಎಸ್ಟೇಟಿನ ಪಿಕಪ್ ಓಡಿಸುತ್ತಾನೆ. ನಾನೂ ಪ್ರೇಮಳೂ ತೋಟದ ಕೆಲಸಕ್ಕೆ ಹೋಗುತ್ತೇವೆ. ನಾನು ಆ ತೋಟಕ್ಕೆ ಬಂದಿದ್ದು ಮದುವೆಯಾದ ವರ್ಷ. ಗಂಡ ಸತ್ತ ಮೇಲೂ ಅಲ್ಲೇ ಉಳಿದೆ. ಈಗಿರುವ ಮೇಸ್ತ್ರಿ ಶಿವಣ್ಣ ಮೂಗು ಸೋರಿಸಿಕೊಂಡು ತಿರುಗುತ್ತಿದ್ದಾಗಲೇ ನಾನು ಅಲ್ಲಿ ಹಣ್ಣು ಕೊಯ್ಯುತ್ತಿದ್ದೆ.

ಲೈನಿನಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ನನ್ನ ಬಾಗಿಲಿಗೇ ಬರುತ್ತಿದ್ದರು. ಬಿಸ್ಕತ್ತಿನ ಹಳೇ ತಗಡಿನ ಡಬ್ಬವೊಂದರಲ್ಲಿ ಮಾತ್ರೆ ಇಟ್ಟುಕೊಂಡಿರುತ್ತಿದ್ದೆ. ದುಂಡನೆಯ ಬಿಳಿಯದು ಜ್ವರಕ್ಕೆ, ಅದನ್ನು ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು ಕೊಡುತ್ತಿದ್ದರು. ಉದ್ದನೆಯದು ಮೈಕೈ ನೋವಿಗೆ, ಅದು ಪೇಟೆಯ ಮೆಡಿಕಲ್ ಅಂಗಡಿಯದು. ಹಳದಿಯದು ನೆಗಡಿಗೆ, ಅದನ್ನು ಆಲ್ದೂರಿಗೆ ಹೋದಾಗ ತಂದಿದ್ದೆ. ಹೆಸರು ಓದಲು ಬಾರದ ನಮ್ಮಂಥವರು ಒಂದು ಉಪಾಯ ಮಾಡಿಕೊಂಡಿರುತ್ತೇವೆ. ಖಾಲಿಯಾದ ಶೀಟನ್ನು ಬಿಸಾಡುವುದಿಲ್ಲ. ಎಲೆಅಡಿಕೆ ಸಂಚಿಯಲ್ಲಿ ಮಡಚಿ ಇಟ್ಟುಕೊಂಡಿದ್ದು, ಮುಂದಿನ ಸಲ ಅಂಗಡಿಯಲ್ಲಿ ಅದನ್ನೇ ತೋರಿಸಿ "ಇದೇ ಕೊಡಿ" ಅನ್ನುತ್ತೇವೆ. ಅವರು ಕೊಡುತ್ತಾರೆ. ಬಣ್ಣ ಬೇರೆ, ಆಕಾರ ಬೇರೆ, ಅಂಗಡಿ ಬೇರೆ. ಹಾಗಾದ ಮೇಲೆ ಮದ್ದೂ ಬೇರೆಬೇರೆಯೇ ಅಂತ ನಾನು ತಿಳಿದುಕೊಂಡಿದ್ದೆ. ಇಷ್ಟು ವರ್ಷ ಹಾಗೇ ಕೊಟ್ಟೆ. ಯಾರಿಗೂ ಏನೂ ಆಗಿರಲಿಲ್ಲ. ಅದರಿಂದಲೇ ಧೈರ್ಯ ಜಾಸ್ತಿಯಾಗಿದ್ದು.

ಕೊಯ್ಲಿನಲ್ಲಿ ನಾನೂ ಪ್ರೇಮಳೂ ಜೋಡಿ. ಒಂದು ಸಾಲಿನ ಈ ಕಡೆ ನಾನು, ಆ ಕಡೆ ಅವಳು. ಆ ಕೊಯ್ಲಿಗೆ ಮುಂಚಿನ ಮಳೆಗಾಲದಲ್ಲಿ ಜಾರಿ ಬಿದ್ದ ಮೇಲೆ ನನ್ನ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಎತ್ತರದ ರೆಂಬೆಯನ್ನು ಪ್ರೇಮ ಬಗ್ಗಿಸಿ ಹಿಡಿಯುತ್ತಿದ್ದಳು, ನಾನು ಬಿಡಿಸಿಕೊಳ್ಳುತ್ತಿದ್ದೆ. ಅವಳಿಲ್ಲದಿದ್ದರೆ ನಾನು ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಸಾಲಿನಲ್ಲಿ ನಿಲ್ಲಲು ಆಗದವರನ್ನು ನಮ್ಮಲ್ಲಿ ಉದುರು ಹಣ್ಣಿಗೆ ಹಾಕುತ್ತಾರೆ. ಅಂದರೆ ಗಿಡದ ಬುಡದಲ್ಲಿ ಬಿದ್ದ ಹಣ್ಣನ್ನು ತರಗೆಲೆಯ ನಡುವಿನಿಂದ ಹೆಕ್ಕುವ ಕೆಲಸ. ಕಣ್ಣು ಮಂಜಾದ ಮುದುಕಿಯರು, ಹೊಸದಾಗಿ ಬಂದು ಕೆಲಸ ಗೊತ್ತಿಲ್ಲದವರು, ಇಂಥವರು ಮಾಡುವುದು. ನಾನು ಒಂದು ದಿನವೂ ಉದುರು ಹಣ್ಣು ಹೆಕ್ಕಿದವಳಲ್ಲ.

ಒಂದು ಸೋಮವಾರ ಪ್ರೇಮ ಏಳಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು.

"ಅತ್ತೆ, ಇವತ್ತು ನನ್ ಕೈಲಿ ಆಗಲ್ಲ. ಮೈಯೆಲ್ಲ ಜಜ್ಜಿ ಹಾಕಿದ ಹಾಗಿದೆ" ಅಂದಳು.

"ಕೊಯ್ಲಲ್ಲಿ ಯಾರ ಮೈ ನೆಟ್ಟಗಿರತ್ತೆ ಮಾರಾಯ್ತಿ? ಬಾಯಿ ತೆಗಿ" ಅಂದೆ. ಬಿಳಿಯದು ಎರಡು, ಉದ್ದದ್ದು ಎರಡು. ಮೂಗು ಸೋರುತ್ತಿತ್ತು, ಅದಕ್ಕೆ ಹಳದಿಯದೂ ಕೊಟ್ಟೆ.

ಅವಳನ್ನು ಮಲಗಿಸಿ ನಾನೊಬ್ಬಳೇ ಹೋದೆ. ಹಾಜರಿ ಕೂಗುವಾಗ ಶಿವಣ್ಣ ಕೇಳಿದ, "ಜೋಡಿ ಎಲ್ಲಿ ಗಿರಿಜಮ್ಮ? ಅವ್ಳು ಬರದಿದ್ರೆ ನೀವು ಇವತ್ತು ಉದುರು ಹಣ್ಣಿಗೆ ಹೋಗ್ತೀರಾ?"

"ಉದುರು ಹಣ್ಣಿಗೆ ನಿಮ್ಮತ್ತೇನ ಕರ್ಕೊಂಡ್ಬಾ ಮಾರಾಯ. ನಾನು ಇವತ್ತು ಮನೇಲಿರ್ತೀನಿ" ಅಂದೆ. ಎಲ್ಲರೂ ನಕ್ಕರು. ನಾನು ತಿರುಗಿ ಮನೆಗೆ ಬಂದೆ.

ನಿಜ ಹೇಳಬೇಕೆಂದರೆ ಅವಳ ಜ್ವರಕ್ಕಿಂತ ಆ ಮಾತೇ ನನಗೆ ಜಾಸ್ತಿ ಚುಚ್ಚಿತ್ತು. ಅವಳು ಬೇಗ ಏಳಬೇಕಿತ್ತು, ಅಷ್ಟೇ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ನಾಲ್ಕು ಹೊತ್ತೂ ಮೂರು ಬಗೆಯ ಮಾತ್ರೆ ಕೊಟ್ಟೆ. ಮೂರನೇ ದಿನಕ್ಕೆ ಅವಳಿಗೆ ಅನ್ನ ಸೇರಲಿಲ್ಲ. ಗಂಜಿ ಕುಡಿದರೆ ವಾಂತಿ. "ಹೊಟ್ಟೆ ತೊಳೆಸ್ತಿದೆ ಅತ್ತೆ, ಮಾತ್ರೆ ಬೇಡ" ಅಂದಳು. "ಜ್ವರ ಹೋಗೋವಾಗ ಹಾಗೇ" ಅಂದು ಖಾಲಿ ಹೊಟ್ಟೆಗೇ ಕೊಟ್ಟೆ. ನಾಲ್ಕನೇ ದಿನ ಜ್ವರ ಇಳಿಯಿತು. ನೋಡಿದೆಯಾ ಅಂದೆ. ಆದರೆ ಅವಳು ಏಳಲಿಲ್ಲ. ಐದನೇ ದಿನ ಬೆಳಗ್ಗೆ ಮೊಮ್ಮಗಳು, "ಅಜ್ಜಿ, ಅಮ್ಮನ ಕಣ್ಣು ಯಾಕೆ ಅರಿಶಿನದ ಹಾಗಿದೆ?" ಅಂತ ಕೇಳಿದಳು.

ಪಕ್ಕದ ಮನೆಯ ಜಯಮ್ಮ ಬಂದು ರೆಪ್ಪೆ ಬಿಡಿಸಿ ನೋಡಿ, "ಇದು ಕಾಮಾಲೆ ಗಿರಿಜಕ್ಕ. ಕಳಸದ ಕಡೆ ಒಬ್ಬರು ಬೇರು ಅರೆದು ಕೊಡ್ತಾರೆ. ಮೂರು ದಿನ ಕುಡಿದ್ರೆ ಸಾಕು" ಅಂದಳು. ನಾನು ಹೂಂ ಅಂದೆ. ಸತೀಶ ಮಾತ್ರ ಒಪ್ಪಲಿಲ್ಲ. "ಅವ್ಳು ನಾನು ಕೂಗಿದ್ರೆ ಸರಿಯಾಗಿ ಮಾತಾಡ್ತಿಲ್ಲ ಅಮ್ಮ. ಕಳಸ ಬೇಡ ಏನೂ ಬೇಡ" ಅಂದವನೇ ರೈಟರಿಗೆ ಹೇಳಿ ಪಿಕಪ್ ತಂದು ಬಾಗಿಲಿಗೆ ನಿಲ್ಲಿಸಿದ. ಮೊಮ್ಮಗಳನ್ನು ಜಯಮ್ಮನ ಹತ್ತಿರ ಬಿಟ್ಟು ಚಿಕ್ಕಮಗಳೂರಿಗೆ ಹೊರಟೆವು. ದಾರಿಯ ಪ್ರತಿ ತಿರುವಿನಲ್ಲೂ ಪ್ರೇಮಳ ತಲೆ ನನ್ನ ತೊಡೆಯ ಮೇಲಿನಿಂದ ಜಾರುತ್ತಿತ್ತು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಸೆರಗಿನಿಂದ ಒರೆಸಿದೆ, ಮತ್ತೆ ಬಂತು.

ಆಸ್ಪತ್ರೆಯಲ್ಲಿ ನೋಡಿದ್ದು ಒಬ್ಬರು ಲೇಡಿ ಡಾಕ್ಟರು. ಧಾರವಾಡದ ಕಡೆಯವರು, ಸಣ್ಣ ವಯಸ್ಸು. ನಿದ್ದೆಗೆಟ್ಟ ಮುಖ. ರಕ್ತ ತೆಗೆಸಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು.

"ಮನ್ಯಾಗ ಏನರ ಔಷಧ ಕೊಟ್ಟೀರೇನ್ರಿ? ನಾಟಿ ಔಷಧ, ಮಾತ್ರಿ, ಏನರ?"

ಸತೀಶ ನನ್ನ ಮುಖ ನೋಡಿದ. ಅವನು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು, ಅವನಿಗೆ ಲೆಕ್ಕ ಗೊತ್ತಿರಲಿಲ್ಲ.

"ಜ್ವರದ್ದು ಒಂದೆರಡು" ಅಂದೆ.

"ಒಂದೆರಡು ಅಂದ್ರ?"

"ಒಂದೆರಡು ಅಂದ್ರೆ ಒಂದೆರಡು."

ಡಾಕ್ಟರು ಬರೆದುಕೊಂಡು ಹೋದರು. ಯಾರ ಮುಖದ ಮೇಲೆ ಬೇಕಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಅಂತ ನನಗೆ ಹೆಸರಿದೆ. ರೈಟರಿಗೆ ಹೇಳಿದ್ದೇನೆ, ಸಾಹುಕಾರರಿಗೆ ಹೇಳಿದ್ದೇನೆ. ಆ ದಿನ ನನ್ನ ಬಾಯಿಂದ ಬಂದದ್ದು ಸುಳ್ಳು. ಮಾತ್ರೆಯಿಂದ ಹೀಗಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ ಅನ್ನುವುದು ನಿಜ. ಆದರೆ ಆ ಡಾಕ್ಟರು ಕೇಳಿದ ರೀತಿಯಲ್ಲೇ ಏನೋ ಇದೆ ಅಂತ ಹೊಳೆದಿತ್ತು ಅನ್ನುವುದೂ ನಿಜ. ಹೊಳೆದ ಮೇಲೂ ಸುಮ್ಮನಿದ್ದೆ. ಸಂಚಿ ಸೊಂಟದಲ್ಲೇ ಇತ್ತು. ಅದರೊಳಗೆ ಮೂರು ಖಾಲಿ ಶೀಟಿದ್ದವು. ಬೆಂಚಿನ ಮೇಲೆ ಕೂತಾಗಲೆಲ್ಲ ಅವುಗಳ ಅಂಚು ಹೊಟ್ಟೆಗೆ ಚುಚ್ಚುತ್ತಿತ್ತು. ಸಂಚಿಯನ್ನು ಪಕ್ಕಕ್ಕೆ ಸರಿಸಿ ಕೂತೆ.

ಮಧ್ಯಾಹ್ನ ಕಳೆಯಿತು. ರಕ್ತದ ರಿಪೋರ್ಟು ಬಂತು. ಡಾಕ್ಟರು ವಾರ್ಡಿನ ಹೊರಗೆ ಬಂದು ಸತೀಶನನ್ನು ಕರೆದರು. ನಾನೂ ಎದ್ದು ಹೋದೆ.

"ಲಿವರ್ ಭಾಳ ಹೊಡೆತ ತಿಂದೈತ್ರಿ. ರಕ್ತ ಹೆಪ್ಪುಗಟ್ಟಾಕ ಬೇಕಾದ್ದು ಲಿವರಿನಾಗ ತಯಾರಾಗಬೇಕು, ಅದು ಆಗವಲ್ದು. ಮಂಪರು ಶುರುವಾಗೇತಿ. ಕಾಮಾಲಿಗೆ ಕಾರಣ ನೂರಾ ಎಂಟು ಇರ್ತಾವ, ಒಂದೊಂದು ಟೆಸ್ಟಿಗೂ ಹೊತ್ತು ಹಿಡಿತೈತಿ. ಇದು ಹಿಂಗ ಏರಿದ್ರ ಬೆಂಗಳೂರಿಗೆ ಒಯ್ಯಬೇಕಾಕ್ಕೈತಿ. ಬ್ಯಾರೆಯವರ ಲಿವರಿನ ತುಂಡು ತಗೊಂಡು ಹಾಕೋ ಮಟ್ಟಕ್ಕ ಹೋಗಬಹುದು. ತಯಾರಿರ್ರಿ."

"ನಂದು ತಗೊಳ್ಳಿ" ಅಂದ ಸತೀಶ. ಒಂದು ಗಳಿಗೆಯೂ ಯೋಚಿಸಲಿಲ್ಲ. "ಎಷ್ಟು ಬೇಕೋ ಅಷ್ಟು ಕೊಯ್ಕೊಳ್ಳಿ."

"ಹೊಂದಿಕೆ ಆಗ್ಬೇಕ್ರಿ, ಸುಮ್ನ ಅಲ್ಲ. ಆದ್ರ ಕೊಟ್ಟವರಿಗೂ ಬೆಳಿತೈತಿ, ತಗೊಂಡವರಿಗೂ ಬೆಳಿತೈತಿ. ಲಿವರಿನ ಗುಣಾನ ಅದು."

ಸತೀಶ ಅಂಗಿ ಎತ್ತಿ, ಪಕ್ಕೆಯ ಮೇಲೆ ಕೈಯಿಟ್ಟು, "ಇಲ್ಲೇ ಅಲ್ವಾ ಇರೋದು?" ಅಂತ ಕೇಳಿದ. ನಾನು ಹೆತ್ತ ಮಗ. ಮಳೆಗಾಲದಲ್ಲಿ ಒಂದು ಇಂಬಳ ಹತ್ತಿ ರಕ್ತ ಹೀರಿದರೂ ಕಿರುಚುತ್ತಿದ್ದವನು. ಅಲ್ಲಿಗೆ ನನ್ನ ಕೈಲಿ ಆಗಲಿಲ್ಲ. ಸಂಚಿ ಬಿಚ್ಚಿದೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಬೆಂಚಿನ ಮೇಲೆ ಸುರಿದು, ಮೂರು ಶೀಟನ್ನು ಬಿಡಿಸಿ ಡಾಕ್ಟರ ಕೈಗೆ ಕೊಟ್ಟೆ.

"ಇವು ಕೊಟ್ಟಿದ್ದೆ. ಇಂಥವು ಬಹಳ ಆದವು. ನಾಲ್ಕು ಹೊತ್ತು, ನಾಲ್ಕು ದಿನ" ಅಂದೆ.

ಶೀಟಿಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ಡಾಕ್ಟರು ಹೆಬ್ಬೆರಳಿನಿಂದ ಒರೆಸಿ ಸಣ್ಣ ಅಕ್ಷರ ಓದಿದರು. ಒಂದನ್ನು ಓದಿದರು, ಎರಡನೆಯದನ್ನು ಓದಿದರು, ಮೂರನೆಯದನ್ನು ಓದಿ ಕಣ್ಣು ಮುಚ್ಚಿಕೊಂಡರು.

"ಅಜ್ಜೀ, ಮೂರರಾಗೂ ಒಂದ ಔಷಧ ಐತ್ರಿ. ಪ್ಯಾರಾಸಿಟಮಾಲ್. ಇದು ಅದ ಒಂದು. ಇದರಾಗ ನೋವಿನ ಔಷಧದ ಜೋಡಿ ಅದನ್ನ ಸೇರಿಸ್ಯಾರ. ಈ ನೆಗಡಿದ್ರಾಗೂ ಐತಿ. ಅಳತಿ ಮೀರದಂಗ ತಗೊಂಡ್ರ ಒಳ್ಳೆ ಮಾತ್ರಿ ಇದು. ನೀವು ಮೂರು ಪಟ್ಟು ಕೊಟ್ಟೀರಿ, ಅದೂ ಖಾಲಿ ಹೊಟ್ಟಿಗೆ. ಮುಂಜಾನೆ ನಾ ಕೇಳಿದಾಗ ಇವು ಎಲ್ಲಿದ್ವು?"

"ಇಲ್ಲೇ ಇದ್ವು."

"ಇಲ್ಲೇ ಇದ್ವು!" ಅಂದರು. ನರ್ಸನ್ನು ಕೂಗುತ್ತಾ ಒಳಗೆ ಓಡಿದರು. ಇದಕ್ಕೆಂದೇ ಒಂದು ಡ್ರಿಪ್ಪಿದೆಯಂತೆ, ಆ ಮಾತ್ರೆಯ ವಿಷ ಮುರಿಯುವುದಕ್ಕೆ. ಬೆಳಗ್ಗೆಯೇ ಹಾಕಬಹುದಿತ್ತು. ಹೊತ್ತು ಇಳಿಯುವಾಗ ಹಾಕಿದರು.

ಸತೀಶ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಒಂದು ಲೋಟ ಟೀ ತಂದು ಬೆಂಚಿನ ಆ ತುದಿಯಲ್ಲಿಟ್ಟು ಮತ್ತೆ ಹೋದ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಟೀ ಕುಡಿದೆ, ಇನ್ನೇನು ಮಾಡಲಿ?

ಮಾರನೆಯ ಬೆಳಗ್ಗೆ ಪ್ರೇಮ ಹಾಗೇ ಬಿದ್ದಿದ್ದಳು. ಕೂಗಿದರೆ ರೆಪ್ಪೆ ಸ್ವಲ್ಪ ಅಲುಗುತ್ತಿತ್ತು. ಡಾಕ್ಟರು ರೌಂಡ್ಸ್ ಮುಗಿಸಿ ಬಂದಾಗ ನಾನು ನೇರವಾಗಿ ಕೇಳಿದೆ. "ವಿಷ ಮುರೀತು ಅಂತಾನೇ ಇಟ್ಕೊಳ್ಳಿ. ಸುಟ್ಟು ಹೋಗಿರೋದು ವಾಪಸ್ಸು ಹೇಗೆ ಬರತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳಿ. ಸಮಾಧಾನದ ಮಾತು ಬೇಡ."

ಅವರು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಅವರಿಗೂ ಕಾಲು ನೋಯುತ್ತಿತ್ತು ಅಂತ ಕಾಣುತ್ತದೆ, ಚಪ್ಪಲಿ ಕಳಚಿದರು.

"ಲಿವರ್ ಅನ್ನೋದು ಕೋಟಿಗಟ್ಟಲೆ ಸಣ್ಣ ಸಣ್ಣ ಜೀವಕೋಶ ಸೇರಿ ಆಗಿರ್ತೈತ್ರಿ. ಈಗ ಅದರಾಗ ಭಾಳ ಸತ್ತಾವ. ಉಳಿದಾವಲ್ಲ, ಅವು ಒಂದೊಂದೂ ಎರಡೆರಡಾಗಬೇಕು. ಹಂಗ ತಾವ ಆಗೂದಿಲ್ಲ. ಗಾಯ ಆದ ಕೂಡ್ಲೆ ಸುತ್ತಲಿನ ಬ್ಯಾರೆ ಕೋಶಗಳು 'ಬೆಳೀರಿ, ಬೆಳೀರಿ' ಅಂತ ಸುದ್ದಿ ಕಳಸ್ತಾವ. ಕರುಳಿನ ಕಡಿಯಿಂದಾನೂ ಸುದ್ದಿ ಬರ್ತೈತಿ. ರಕ್ತದಾಗ ಹರಕೊಂತ ಬರ್ತೈತಿ. ಆ ಸುದ್ದಿ ಕೇಳಾಕ ಲಿವರಿನ ಒಂದೊಂದು ಕೋಶದ ಮೈಮ್ಯಾಲೂ ಕಿವಿ ಇದ್ದಂಗ ಇರ್ತಾವ. ರಿಸೆಪ್ಟರ್ ಅಂತೀವಿ ನಾವು. ಕಿವಿಗೆ ಬಿದ್ರ ಕೋಶ ಎರಡಾಕ್ಕೈತಿ. ಬೀಳಲಿಲ್ಲಂದ್ರ ಸುಮ್ನ ಕುಂಡ್ರತೈತಿ."

"ಒಂದೇ ಕಿವಿನಾ?"

"ಭಾಳ ಅದಾವ. ಮುಖ್ಯ ಎರಡು. ಇಲಿಗಳ ಮ್ಯಾಲೆ ನೋಡ್ಯಾರ್ರಿ, ಒಂದನ್ನ ಮುಚ್ಚಿದ್ರ ಇನ್ನೊಂದು ಹೆಂಗೋ ಸಂಭಾಳಿಸಿಕೊಂಡು ಹೋಕ್ಕೈತಿ. ಎರಡನ್ನೂ ಮುಚ್ಚಿದ್ರ ಲಿವರ್ ಬೆಳೆಯೂದಿಲ್ಲ, ಇಲಿ ಉಳಿಯೂದಿಲ್ಲ."

"ಹಾಗಿದ್ರೆ ಆ 'ಬೆಳೀರಿ' ಅನ್ನೋದನ್ನೇ ಬಾಟ್ಲಿಗೆ ತುಂಬಿ ಡ್ರಿಪ್ ಹಾಕಿ. ಇಲ್ಲಿ ಕೂತ್ಕೊಂಡು ನನಗೆ ಕಥೆ ಯಾಕೆ ಹೇಳ್ತೀರಿ?"

ಡಾಕ್ಟರು ನಕ್ಕುಬಿಟ್ಟರು. "ಭಾರೀ ಅದೀರಿ ಅಜ್ಜೀ. ದೊಡ್ಡ ದೊಡ್ಡ ಮಂದಿ ಅದನ್ನ ಹುಡುಕಾಕತ್ತಾರ. ಇನ್ನೂ ಕೈಗೆ ಸಿಕ್ಕಿಲ್ಲ. ಯಾಕಂದ್ರ ಬೆಳಿ ಅಂತ ಹೇಳೂದು ಒಂದು, ಸಾಕು ಅಂತ ಹೇಳೂದು ಇನ್ನೊಂದು. ಲಿವರ್ ತನ್ನ ಅಳತಿಗೆ ಬಂದ ಮ್ಯಾಲೆ ತಾನ ನಿಲ್ಲತೈತಿ. ನಿಲ್ಲದ ಬೆಳಕೊಂತ ಹೋದ್ರ ಅದ ಕ್ಯಾನ್ಸರ್. ಮತ್ತ, ಹೊಡೆತ ಒಂದು ಮಿತಿ ಒಳಗ ಇದ್ರ ಸುದ್ದಿ ಕೇಳಸ್ತೈತಿ. ಮಿತಿ ದಾಟಿದ್ರ ಕೂಗಿದ್ರೂ ಕೇಳಾಕ ಯಾರೂ ಉಳಿದಿರೂದಿಲ್ಲ."

"ಇವಳದ್ದು ಮಿತಿ ದಾಟಿದೆಯಾ?"

"ಗೊತ್ತಿಲ್ರಿ. ಇವತ್ತು ನಾಳೆ ರಕ್ತ ನೋಡಿದ್ರ ತಿಳಿತೈತಿ. ಏರಿದ್ರ ಬೆಂಗಳೂರು. ಇಳಿದ್ರ ಇಲ್ಲೇ."

ಗೊತ್ತಿಲ್ಲ ಅಂದರಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಆಮೇಲೆ ಕಾಯುವುದೊಂದೇ ಕೆಲಸ. ನನಗೆ ನೆನಪಾಗುತ್ತಿದ್ದದ್ದು ಬುಡ ಕೊಯ್ದ ಕಾಫಿ ಗಿಡ. ತೀರ ಹಳೆಯದಾಗಿ ಹಣ್ಣು ಕೊಡದ ಗಿಡವನ್ನು ನಮ್ಮಲ್ಲಿ ಮೊಣಕಾಲಿನಷ್ಟು ಬಿಟ್ಟು ಗರಗಸದಲ್ಲಿ ಕೊಯ್ದು ಹಾಕುತ್ತಾರೆ. ಸ್ಟಂಪಿಂಗ್ ಅನ್ನುತ್ತಾರೆ. ನೋಡಿದರೆ ಸುಡುಗಾಡಿನ ಕೊಳ್ಳಿಯ ಹಾಗಿರುತ್ತದೆ. ಎಲೆಯಿಲ್ಲ, ರೆಂಬೆಯಿಲ್ಲ. ವಾರಗಟ್ಟಲೆ ಹಾಗೇ ಇರುತ್ತದೆ. ಆಮೇಲೆ ಒಂದು ದಿನ ತೊಗಟೆ ಒಡೆದು ಚಿಗುರು ಬರುತ್ತದೆ, ಒಂದಲ್ಲ, ಹತ್ತಾರು. ಅದರಲ್ಲಿ ಒಂದೋ ಎರಡೋ ಬಿಟ್ಟು ಉಳಿದದ್ದನ್ನು ನಾವು ಹೆಂಗಸರೇ ಚಿವುಟಿ ಹಾಕಬೇಕು. ಬಿಟ್ಟರೆ ಗಿಡ ಬರೀ ಪೊದೆಯಾಗುತ್ತದೆ, ಹಣ್ಣು ಕೊಡುವುದಿಲ್ಲ. ಎಲ್ಲ ಬುಡವೂ ಚಿಗುರುವುದಿಲ್ಲ. ಕೆಲವು ಹಾಗೇ ಒಣಗಿ ಹೋಗುತ್ತವೆ. ಯಾವುದು ಚಿಗುರುತ್ತದೆ ಅಂತ ಕೊಯ್ದ ದಿನ ಯಾರೂ ಹೇಳಲಾರರು.

ಹೊಸದಾಗಿ ಬಂದಾಗ ನನಗೆ ಆತುರ. ಬುಡದಲ್ಲಿ ಜೀವ ಇದೆಯೋ ಇಲ್ಲವೋ ಅಂತ ದಿನಾ ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರಿದೆಯಾ ಅಂತ ನೋಡುತ್ತಿದ್ದೆ. ಆಗಿನ ಮೇಸ್ತ್ರಿ ನೋಡಿ, "ಏ ಹುಡುಗಿ, ನೀನು ಕೆರೆದೇ ಅದನ್ನ ಸಾಯಿಸ್ತೀಯ. ಕೈ ಮಡಚಿ ಕೂರೋದು ಕಲಿ" ಅಂತ ಬೈದಿದ್ದರು. ಇಷ್ಟು ವರ್ಷವಾದರೂ ಆ ಒಂದು ಕೆಲಸ ನಾನು ಕಲಿತಿರಲಿಲ್ಲ. ಜ್ವರ ಬಂದವಳನ್ನು ಸುಮ್ಮನೆ ಮಲಗಲು ಬಿಡದೆ ದಿನಕ್ಕೆ ನಾಲ್ಕು ಸಲ ಕೆರೆದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೈ ಮಡಚಿ ಕೂತೆ. ಅಲ್ಲಿ ಬೇರೆ ದಾರಿಯೂ ಇರಲಿಲ್ಲ. ಎಲೆಅಡಿಕೆಯೂ ಹಾಕಲಿಲ್ಲ.

ಆ ದಿನದ ರಕ್ತದ ಲೆಕ್ಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಬೆಂಗಳೂರಿಗೆ ಹೋಗಲು ಆಂಬುಲೆನ್ಸಿಗೆ ಹೇಳಿಟ್ಟಿದ್ದರು. ಸತೀಶ ಬಟ್ಟೆ ತರಲು ಮನೆಗೆ ಹೋಗಿ ಬಂದ. "ಪಾಪು ಏನಂತಾಳೆ?" ಅಂತ ಕೇಳಿದೆ. "ಅಮ್ಮ ಯಾವಾಗ ಬರ್ತಾಳೆ ಅಂತ ಕೇಳ್ತಾಳೆ" ಅಂದ. ಎರಡು ದಿನಕ್ಕೆ ಅವನು ನನ್ನ ಹತ್ತಿರ ಆಡಿದ ಮಾತು ಅದೊಂದೇ.

ಮೂರನೇ ದಿನ ಬೆಳಗ್ಗೆ ಡಾಕ್ಟರು ಕೈಯಲ್ಲಿ ರಿಪೋರ್ಟ್ ಹಿಡಿದುಕೊಂಡೇ ಬಂದರು. ನಾನು ಎದ್ದು ನಿಂತೆ.

"ಇಳದೈತ್ರಿ. ಭಾಳ ಅಲ್ಲ, ಸ್ವಲ್ಪ. ಆದ್ರ ರಕ್ತ ಹೆಪ್ಪುಗಟ್ಟೂದು ಸುಧಾರಿಸೇತಿ. ಅಂದ್ರ ಲಿವರ್ ಕೆಲಸ ಶುರು ಮಾಡೇತಿ."

"ಕೇಳಿಸ್ತು ಅನ್ನಿ ಅದಕ್ಕೆ."

"ಕೇಳಿಸ್ತು" ಅಂದರು. ಸತೀಶ ಗೋಡೆಗೆ ಮುಖ ಮಾಡಿ ನಿಂತ. ನಾನು ಕೂತೆ. ಅಳು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪ್ರೇಮ ಕಣ್ಣು ಬಿಟ್ಟಳು. ಇನ್ನೂ ಹಳದಿಯೇ, ಆದರೆ ನನ್ನನ್ನು ಗುರುತಿಸಿದಳು. ಮೊದಲು ಮಗಳನ್ನು ಕೇಳಿದಳು. ಆಮೇಲೆ, "ಅತ್ತೆ, ಹಣ್ಣೆಲ್ಲ ಉದುರಿತಾ?" ಅಂದಳು.

"ಉದುರಿದ್ರೆ ಉದುರಲಿ. ನೋಡು ಪ್ರೇಮ, ನಿನಗೆ ಹೀಗಾಗಿದ್ದು ನಾನು ಕೊಟ್ಟ ಮಾತ್ರೆಯಿಂದ. ಮೂರೂ ಒಂದೇ ಮದ್ದಂತೆ. ಡಾಕ್ಟರು ಕೇಳಿದಾಗ್ಲೂ ಮೊದ್ಲು ಸುಳ್ಳು ಹೇಳಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ ಅಂತ ಹೇಳ್ತಿದ್ದೀನಿ."

ಅವಳು ಫ್ಯಾನಿನ ಕಡೆ ಮುಖ ತಿರುಗಿಸಿದಳು.

"ಮೂರನೇ ದಿನದಿಂದ ಒಂದೊಂದು ಹೊತ್ತಿಂದು ನಲ್ಲಿ ಹತ್ರ ಹೋಗಿ ಉಗಿದುಬಿಡ್ತಿದ್ದೆ ಅತ್ತೆ" ಅಂದಳು. "ನೀವು ನೋಡಿದ್ರೆ ಬೈತೀರಾ ಅಂತ ಬಾಯಿ ಮುಕ್ಕಳಿಸೋ ಹಾಗೆ ಮಾಡ್ತಿದ್ದೆ."

"ಎಲ್ಲಾನೂ ಉಗೀಬೇಕಿತ್ತು."

"ಉಗಿಯೋಕೆ ಬಿಟ್ರಾ ನೀವು? ಎದುರಿಗೇ ನಿಂತಿರ್ತಿದ್ರಿ, ಬಾಯಿ ತೆಗಿ ಅಂತ."

ಡಾಕ್ಟರಿಗೆ ಇದನ್ನು ಹೇಳಿದೆ. "ಆ ಉಗಿದದ್ದ ಮಿತಿ ದಾಟದಂಗ ತಡದಿರಬಹುದು, ಯಾರಿಗೆ ಗೊತ್ರಿ" ಅಂದರು. ನನ್ನ ಸೊಸೆ ನನ್ನ ಮಾತು ಕೇಳಿದ್ದರಿಂದ ಸಾಯಲು ಹೊರಟಿದ್ದಳು. ಕೇಳದೆ ಇದ್ದ ಅಷ್ಟರಿಂದ ಉಳಿದಿರಬಹುದು. ಇದನ್ನು ಬರೆಯಲು ನನಗೆ ಸಂತೋಷವೇನೂ ಇಲ್ಲ.

ಇನ್ನೂ ಹತ್ತು ದಿನ ಅಲ್ಲೇ ಇದ್ದೆವು. ದಿನಾ ರಕ್ತ ತೆಗೆದರು, ದಿನಾ ಸ್ವಲ್ಪ ಇಳಿಯಿತು. ಮೊದಲು ಗಂಜಿ, ಆಮೇಲೆ ಅನ್ನ. ಒಂದು ಬೆಳಗ್ಗೆ ಪ್ರೇಮ ನಾನು ಕ್ಯಾಂಟೀನಿನಿಂದ ತಂದ ಉಪ್ಪಿಟ್ಟಿನಲ್ಲಿ ಉಪ್ಪಿಲ್ಲ ಅಂತ ಬೈದಳು. ಆಗ ಸತೀಶ ನಕ್ಕ. ಹೊರಡುವ ದಿನ ಡಾಕ್ಟರು ಆ ಮೂರು ಶೀಟನ್ನು ವಾಪಸ್ಸು ಕೊಡದೆ ತಾವೇ ಇಟ್ಟುಕೊಂಡರು. "ಅಜ್ಜೀ, ಇನ್ನ ಮ್ಯಾಲೆ ಶೀಟು ತೋರಿಸಿ ಕೊಡ್ರಿ ಅನಬ್ಯಾಡ್ರಿ. ಇದರಾಗ ಏನೈತಿ ಅಂತ ಕೇಳ್ರಿ. ಜ್ವರ ಎರಡು ದಿನ ಇದ್ರ ನಮ್ಮ ಕಡೆ ಕರಕೊಂಬರ್ರಿ" ಅಂದರು. ಹೂಂ ಅಂದೆ.

ಸಂಜೆ ಪಿಕಪ್ ಲೈನಿಗೆ ಬಂದು ನಿಂತಾಗ ಎಲ್ಲರೂ ಹೊರಗೆ ಬಂದರು. ಮೊಮ್ಮಗಳು ತನ್ನ ಅಮ್ಮನ ಸೊಂಟಕ್ಕೆ ಅಂಟಿಕೊಂಡು ಬಿಡಲಿಲ್ಲ. ಜಯಮ್ಮ, "ನಾನು ಹರಕೆ ಹೊತ್ತಿದ್ದೆ ಗಿರಿಜಕ್ಕ, ಅದಕ್ಕೇ ಉಳಿದ್ಲು. ಕಳಸದ ಮದ್ದು ಕುಡಿಸಿದ್ರೆ ಇನ್ನೂ ಬೇಗ ಆಗ್ತಿತ್ತು" ಅಂದಳು. ಇನ್ನೊಬ್ಬಳು, "ಗಿರಿಜಕ್ಕ, ನಮ್ಮನೆಯವರಿಗೆ ನಿನ್ನೆಯಿಂದ ಜ್ವರ, ನಿಮ್ ಡಬ್ಬದಿಂದ ಒಂದೆರಡು ಕೊಡಿ" ಅಂತ ಕೈ ಚಾಚಿ ನಿಂತಳು. "ಖಾಲಿಯಾಗಿದೆ, ಬೆಳಗ್ಗೇನೇ ಆಸ್ಪತ್ರೆಗೆ ಕರ್ಕೊಂಡು ಹೋಗು" ಅಂತ ಹೇಳಿ ಬಾಗಿಲು ಹಾಕಿಕೊಂಡೆ. ಡಬ್ಬ ಖಾಲಿಯಾಗಿರಲಿಲ್ಲ. ಅದು ನನ್ನ ಎರಡನೇ ಸುಳ್ಳು.

ಜನ ನನಗೆ ಹೇಳುತ್ತಾರೆ, ಅದನ್ನೆಲ್ಲ ಮರೆತುಬಿಡಿ ಗಿರಿಜಮ್ಮ, ಈಗ ಚೆನ್ನಾಗಿದ್ದಾಳಲ್ಲ ಅಂತ. ಚೆನ್ನಾಗಿದ್ದಾಳೆ. ಅವಳ ಲಿವರ್ ಬೆಳೆದು ಮೊದಲಿನ ಅಳತೆಗೆ ಬಂದು ನಿಂತಿದೆಯಂತೆ, ಮೊನ್ನೆ ಸ್ಕ್ಯಾನಿನಲ್ಲಿ ನೋಡಿದ್ದಾರೆ. ನನ್ನೊಳಗೆ ಹಾಗೆ ಬೆಳೆದು ಮುಚ್ಚಿಕೊಂಡದ್ದು ಏನೂ ಇಲ್ಲ. ಈಗಲೂ ಕೂತರೆ ಆ ಶೀಟಿನ ಅಂಚು ಹೊಟ್ಟೆಗೆ ಚುಚ್ಚಿದ ಹಾಗಾಗುತ್ತದೆ. ಸಂಚಿಯನ್ನು ಎಡಗಡೆಗೆ ಕಟ್ಟಿಕೊಂಡರೂ ಅಷ್ಟೇ.

ಮನೆಗೆ ಬಂದ ಮರುದಿನ ಬೆಳಗ್ಗೆ ಎದ್ದು ಡಬ್ಬ ತೆಗೆದುಕೊಂಡು ಹಾಜರಿ ಕೂಗುವ ಜಾಗಕ್ಕೆ ಹೋದೆ. ಎಲ್ಲರೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಿದ್ದರು. ರೈಟರ ಮೇಜಿನ ಮೇಲೆ ಡಬ್ಬ ಇಟ್ಟೆ. "ಇದರಲ್ಲಿರೋದನ್ನ ಓದಿ ನೋಡಿ ಏನು ಮಾಡ್ಬೇಕೋ ಮಾಡಿ. ಇನ್ನು ನನ್ನ ಹತ್ರ ಮಾತ್ರೆ ಕೇಳ್ಕೊಂಡು ಯಾರೂ ಬರಬೇಡಿ. ಪ್ರೇಮಂದು ಕಾಮಾಲೆ ಅಲ್ಲ. ನಾನು ಕೊಟ್ಟ ಮಾತ್ರೆ ಜಾಸ್ತಿಯಾಗಿ ಲಿವರ್ ಸುಟ್ಟಿದ್ದು" ಅಂದೆ. ಜಯಮ್ಮ ನೆಲ ನೋಡಿದಳು.

ಶಿವಣ್ಣ ಪುಸ್ತಕ ಹಿಡಿದುಕೊಂಡು, ನನ್ನನ್ನು ಯಾವ ಸಾಲಿಗೆ ಕೂಗುವುದು ಅಂತ ಗೊತ್ತಾಗದೆ ನಿಂತಿದ್ದ.

"ನನ್ನ ಉದುರು ಹಣ್ಣಿಗೆ ಹಾಕು ಮಾರಾಯ" ಅಂದೆ. "ಜೋಡಿ ಏಳೋಕೆ ಇನ್ನೂ ತಿಂಗಳು ಬೇಕು."

ಅವನು ಪುಸ್ತಕದಲ್ಲಿ ಬರೆದುಕೊಂಡು, "ಆಯ್ತು ಗಿರಿಜಮ್ಮ. ನಮ್ಮತ್ತೆ ಹೇಗಿದ್ರೂ ಬರಲ್ಲ ಅಂದ್ರು" ಅಂದ.

ಯಾರೋ ಒಬ್ಬರು ನಕ್ಕರು. ನಾನು ಚೀಲ ಕಟ್ಟಿಕೊಂಡು ಮೊದಲನೇ ಸಾಲಿನ ಬುಡಕ್ಕೆ ಹೋಗಿ, ಮಂಡಿಯೂರಿ, ತರಗೆಲೆ ಸರಿಸಿ ಹೆಕ್ಕಲು ಶುರು ಮಾಡಿದೆ.